ಏಳನೇ ಗೆರೆ

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ನಾನು ಮೇಡಂ ಮನೆ ಬಾಗಿಲಲ್ಲಿ ಇರಬೇಕು. ಹತ್ತೂ ಐದಾದರೆ ಸಾಕು, "ಏನಮ್ಮ, ಬಸ್ಸು ನಿನ್ನ ಬಿಟ್ಟು ಹೋಯ್ತಾ, ನೀನೇ ಬಸ್ಸು ಬಿಟ್ಟೆಯಾ?" ಅಂತ ಶುರು ಹಚ್ಚಿಕೊಳ್ಳುತ್ತಾರೆ. ಅವರು ರಿಟೈರ್ ಆಗಿ ಹನ್ನೊಂದು ವರ್ಷ, ನಾನು ಆಗಿ ಆರು. ಆದರೂ ಲ್ಯಾಬಿನ ಹಾಜರಿ ಪುಸ್ತಕ ಇನ್ನೂ ಅವರ ತಲೆಯಿಂದ ಇಳಿದಿಲ್ಲ.

ಅಲ್ಲಿ ನನ್ನ ಕೆಲಸ ಇಷ್ಟೇ. ಮೇಡಂ ಅವರ ಕಂಪ್ಯೂಟರನ್ನು ನಾನು ತೆರೆಯಬೇಕು. ಇಪ್ಪತ್ತಾರು ವರ್ಷದ ಹಿಂದೆ ಅವರು ಬರೆದ ಒಂದು ಲೇಖನವನ್ನು ಹೋದ ವಾರ ಪ್ರಪಂಚದಲ್ಲಿ ಯಾರ್ಯಾರು ತಮ್ಮ ಲೇಖನಗಳಲ್ಲಿ ಉಲ್ಲೇಖ ಮಾಡಿದ್ದಾರೆ ಅನ್ನೋ ಪಟ್ಟಿ ಬಂದಿರುತ್ತದೆ, ಅದನ್ನು ಓದಿ ಹೇಳಬೇಕು. ಮೇಡಂ ಕಣ್ಣಿನ ನಡುಭಾಗ ಮಸುಕಾಗಿದೆ. ಪಕ್ಕದ ಗೋಡೆ, ಕಿಟಕಿ, ಬಾಗಿಲು ಎಲ್ಲ ಕಾಣುತ್ತೆ, ಎದುರಿಗಿರೋ ಅಕ್ಷರ ಕಾಣಲ್ಲ. ಹಾಗಾಗಿ ನಾನು ತಡವರಿಸಿಕೊಂಡು ಓದುತ್ತೇನೆ, ಅವರು ನನ್ನ ಉಚ್ಚಾರಣೆ ತಿದ್ದುತ್ತಾ ಕೇಳುತ್ತಾರೆ. ಒಂದೊಂದು ಹೆಸರು ಓದುವಷ್ಟರಲ್ಲಿ ನನ್ನ ನಾಲಿಗೆ ಗಂಟು ಬೀಳುತ್ತದೆ.

ಆ ಲೇಖನವನ್ನು ಇದುವರೆಗೆ ನಾಲ್ಕು ಸಾವಿರದ ಚಿಲ್ಲರೆ ಜನ ಉಲ್ಲೇಖಿಸಿದ್ದಾರೆ. ಕಾಲೇಜಿನ ಪಠ್ಯಪುಸ್ತಕದಲ್ಲಿ ಅದರ ಚಿತ್ರ ಇದೆ. ಔಷಧಿ ಕಂಡುಹಿಡಿಯುವವರು ಅದನ್ನು ಇಟ್ಟುಕೊಂಡು ಕೆಲಸ ಮಾಡುತ್ತಾರಂತೆ. ಮೇಡಂಗೆ ಆ ನಾಲ್ಕು ಸಾವಿರದ ಮೇಲೆ ಆಸೆಯಿಲ್ಲ. ಅವರಿಗೆ ಬೇಕಾದದ್ದು ಒಂದೇ ಒಂದು ಹೆಸರು. ಪಟ್ಟಿ ಮುಗಿದ ಮೇಲೆ ಕೇಳುತ್ತಾರೆ.

"ಅವಳದ್ದು?"

"ಇಲ್ಲ ಮೇಡಂ."

"ಹೂಂ. ಟೀಗಿಡು."

ಅವಳು ಅಂದರೆ ಗಡಿಯಾರ, ಮೇಡಂ ಕೈಕೆಳಗೆ ಸಂಶೋಧನೆ ಮಾಡೋಕೆ ಬಂದಿದ್ದ ಹುಡುಗಿ. ಹಾಗಂತ ಕರೆದದ್ದು ನಾವೇ. ಕೊರಳಲ್ಲಿ ಸದಾ ಒಂದು ಕೀಲಿ ಕೊಡೋ ಟೈಮರ್ ನೇತು ಹಾಕಿಕೊಂಡಿರುತ್ತಿದ್ದಳು, ಅಡುಗೆಮನೆಯಲ್ಲಿ ಮೊಟ್ಟೆ ಬೇಯಿಸೋಕೆ ಇಡುತ್ತಾರಲ್ಲ, ಅಂಥದ್ದು. ನನ್ನನ್ನು ಲ್ಯಾಬಿನವರೆಲ್ಲ ಬಾಟಲಿ ಅಕ್ಕ ಅಂತಿದ್ದರು. ಮೂರನೇ ಮಹಡಿಯ ಆ ಲ್ಯಾಬಿನಲ್ಲಿ ಗಾಜಿನ ಬಾಟಲಿ ತೊಳೆದು, ಹಬೆ ಪೆಟ್ಟಿಗೆಯಲ್ಲಿ ಬೇಯಿಸಿ ಒಣಗಿಸೋಳು ನಾನು. ಮೀಡಿಯಂ ಮಾಡೋಳೂ ನಾನೇ. ಮೀಡಿಯಂ ಅಂದರೆ ಜೀವಕೋಶಗಳ ಊಟ, ಗುಲಾಬಿ ಬಣ್ಣದ ನೀರು. ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ಅದನ್ನು ಹಾಕದಿದ್ದರೆ ಸಾಯುತ್ತವೆ, ಹಳಸಿದ್ದು ಹಾಕಿದರೆ ಹುಚ್ಚುಚ್ಚಾಗಿ ಆಡುತ್ತವೆ. ನಾನು ಮಾಡಿದ ಒಂದೊಂದು ಬಾಟಲಿಗೂ ತಾರೀಖು ಹಾಕಿ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದೆ. ಮೂವತ್ತೊಂದು ವರ್ಷ ಬರೆದೆ. ಒಂದು ದಿನವೂ ತಪ್ಪಿಸಿಲ್ಲ, ಈ ಮಾತು ನೆನಪಿಟ್ಟುಕೊಳ್ಳಿ.

ಅದೇನು ಸಂಶೋಧನೆ ಅಂತ ನೀವು ಕೇಳಬಹುದು. ನಾನೂ ಕೇಳಿದ್ದೆ. ಮೇಡಂ ತುರುಬಿಗೆ ಸಿಗಿಸಿದ್ದ ಪೆನ್ಸಿಲ್ ತೆಗೆದು ಚಿತ್ರ ಬರೆಯೋಕೆ ಹೊರಟವರು, ನನ್ನ ಮುಖ ನೋಡಿ ಪೆನ್ಸಿಲ್ ವಾಪಸ್ ಸಿಗಿಸಿದರು.

"ನೀನು ಒಳಗೆ ಅಡುಗೆ ಮಾಡ್ತಿದ್ದೀಯ. ಹೊರಗೆ ಯಾರೋ ಕೂಗ್ತಾರೆ. ಏನು ಮಾಡ್ತೀಯ?"

"ಯಾರು ಅಂತ ಬಾಗಿಲಿಗೆ ಬರ್ತೀನಿ."

"ಆಮೇಲೆ?"

"ಕೆಲಸ ಇದ್ದರೆ ಮಾತಾಡಿ, ಬಾಗಿಲು ಹಾಕ್ಕೊಂಡು ಒಳಗೆ ಹೋಗ್ತೀನಿ. ಒಲೆ ಮೇಲೆ ಸೀದುಹೋಗುತ್ತಲ್ಲ."

"ಕೋಶನೂ ಹಾಗೇನೇ. ಹೊರಗಿಂದ ಸಂದೇಶ ಬರುತ್ತೆ, ಕೋಶ ಬಾಗಿಲಿಗೆ ಬರುತ್ತೆ, ವಾಪಸ್ ಹೋಗುತ್ತೆ. ಬಾಗಿಲಿಗೆ ಹೇಗೆ ಬರುತ್ತೆ ಅಂತ ಎಲ್ಲರೂ ನೋಡ್ತಿದ್ದಾರೆ. ವಾಪಸ್ ಹೇಗೆ ಹೋಗುತ್ತೆ, ಬಾಗಿಲು ಹಾಕೋರು ಯಾರು, ಅದು ನನ್ನ ಪ್ರಶ್ನೆ. ಹಾಕದೇ ಇದ್ದರೆ ಮೈಯಲ್ಲಿ ಗಡ್ಡೆ ಬೆಳೆಯುತ್ತೆ."

ಇಪ್ಪತ್ತು ವರ್ಷ ಆ ಬಾಗಿಲ ಹಿಂದೆ ಬಿದ್ದಿದ್ದರು ಅವರು. ಅವರ ಮನೆಯವರು ಸೇತುವೆ ಕಟ್ಟಿಸೋ ಎಂಜಿನಿಯರ್, ತಿಂಗಳಿಗೊಮ್ಮೆ ಅತಿಥಿ ಥರ ಬಂದು ಹೋಗುತ್ತಿದ್ದರು. ಮಕ್ಕಳಿಲ್ಲ. ಗಡಿಯಾರ ಬಂದ ಮೇಲೆ ಮೇಡಂ ಮನೆಯ ಹಿಂದಿನ ಸಣ್ಣ ಕೋಣೆಗೆ ಒಂದು ಮಂಚ ಬಂತು. ಹಾಸ್ಟೆಲ್ ಊಟ ಸೇರದು ಅಂತ ಹುಡುಗಿ ಮೊದಮೊದಲು ಶನಿವಾರ ಹೋಗುತ್ತಿದ್ದಳು, ಆಮೇಲೆ ಹಾಸ್ಟೆಲಿಗೇ ಶನಿವಾರ ಹೋಗುವಂತಾಯಿತು. ಒಂದೇ ಡಬ್ಬಿಯಲ್ಲಿ ಇಬ್ಬರ ಊಟ. ಮೇಡಂ ತಮಗೆ ಗೊತ್ತಿಲ್ಲದೆ ಅವಳನ್ನು "ಮರೀ" ಅಂದುಬಿಡುತ್ತಿದ್ದರು, ಅಂದು ಆಮೇಲೆ ಸುತ್ತ ನೋಡುತ್ತಿದ್ದರು. ನಾನು ಕೇಳಿಸಿಕೊಳ್ಳದವಳ ಹಾಗೆ ಬಾಟಲಿ ತೊಳೆಯುತ್ತಿದ್ದೆ.

ಆ ದೊಡ್ಡ ಪ್ರಯೋಗ ಮಾಡಿದ್ದು ಗಡಿಯಾರನೇ. ಆರು ತಟ್ಟೆ ಕೋಶಗಳು. ಎಲ್ಲದಕ್ಕೂ ಒಂದೇ ಹೊತ್ತಿಗೆ ಸಂದೇಶದ ಹನಿ ಹಾಕಬೇಕು, ಆಮೇಲೆ ಒಂದು ನಿಮಿಷಕ್ಕೆ ಒಂದನ್ನು, ಐದು ನಿಮಿಷಕ್ಕೆ ಇನ್ನೊಂದನ್ನು, ಹೀಗೆ ಅರ್ಧ ಗಂಟೆಯವರೆಗೆ ಒಂದೊಂದನ್ನೇ ತೆಗೆದು ಕೋಶ ಒಡೆದು ನೋಡಬೇಕು. ಫಲಿತಾಂಶ ಒಂದು ಎಕ್ಸ್‌ರೇ ಫಿಲ್ಮಿನ ಮೇಲೆ ಸಾಲು ಗೆರೆಗಳಾಗಿ ಮೂಡುತ್ತೆ. ಗೆರೆ ದಪ್ಪ ಕಪ್ಪಗಿದ್ದರೆ ಕೋಶ ಬಾಗಿಲಲ್ಲಿದೆ, ಗೆರೆ ಇಲ್ಲದಿದ್ದರೆ ಒಳಗೆ ಹೋಗಿದೆ. ಆವತ್ತು ಗಡಿಯಾರ ತಟ್ಟೆ ಎಣಿಸುವಾಗ ತಪ್ಪಿ ಏಳು ಇಟ್ಟಿದ್ದಳು. ಆರು ಮುಗಿದವು, ಏಳನೆಯದು ಬೆಚ್ಚನೆ ಪೆಟ್ಟಿಗೆಯ ಮೂಲೆಯಲ್ಲಿ ಉಳಿದುಹೋಯ್ತು. ಸಂಜೆ ಸಿಂಕ್ ಬಳಿ ನಾನು ಒರೆಸುತ್ತಿದ್ದಾಗ ಅವಳು ಅದನ್ನು ಹಿಡಿದುಕೊಂಡು ಬಂದಳು.

"ಅಕ್ಕಾ, ಇದೊಂದು ಮರೆತೇಹೋಗಿತ್ತು. ನಾಲ್ಕು ಗಂಟೆ ಆಗಿಹೋಯ್ತು."

"ಚೆಲ್ಲು ಮತ್ತೆ. ತೊಳೆದುಹಾಕ್ತೀನಿ."

"ಪಾಪ ಅನ್ನಿಸುತ್ತೆ. ಇದನ್ನೂ ಸೇರಿಸಿ ನೋಡ್ತೀನಿ."

ಫಿಲ್ಮ್ ತೊಳೆಯುವ ಕತ್ತಲೆ ಕೋಣೆ ನನ್ನ ಸುಪರ್ದಿನಲ್ಲಿತ್ತು. ಎರಡು ದಿನ ಬಿಟ್ಟು ಕೆಂಪು ಬಲ್ಬಿನ ಕೆಳಗೆ ನಾವಿಬ್ಬರೂ ನೋಡಿದೆವು. ಮೊದಲು ದಪ್ಪ ಗೆರೆ, ಆಮೇಲೆ ತೆಳು, ಆಮೇಲೆ ಇನ್ನೂ ತೆಳು, ಆರನೆಯದು ಇಲ್ಲವೇ ಇಲ್ಲ. ಮೇಡಂ ಇಪ್ಪತ್ತು ವರ್ಷ ಕಾದದ್ದು ಅದಕ್ಕೇ. ಆದರೆ ಏಳನೆಯ ಜಾಗದಲ್ಲಿ ಮತ್ತೆ ದಪ್ಪ ಕಪ್ಪು ಗೆರೆ. ಯಾರೂ ಕೂಗಿಲ್ಲ, ನಾಲ್ಕು ಗಂಟೆ ಆದಮೇಲೆ ಕೋಶ ತಾನಾಗೇ ಎದ್ದು ಬಾಗಿಲಿಗೆ ಬಂದಿದೆ. ಹುಡುಗಿ ನನ್ನ ತೋಳು ಹಿಡಿದುಕೊಂಡಳು.

ಮೇಡಂ ರೂಮಿನಲ್ಲಿ ಜಗಳ ಆಯ್ತು. ಸಮುದ್ರದಾಚೆ ಇನ್ನೊಂದು ಲ್ಯಾಬು ಇದೇ ಕೆಲಸದ ಬೆನ್ನು ಹತ್ತಿತ್ತು, ಹದಿನೈದು ದಿನದಲ್ಲಿ ಲೇಖನ ಕಳಿಸದಿದ್ದರೆ ಎಲ್ಲ ನೀರುಪಾಲು. ಏಳನೇ ಗೆರೆ ಇಟ್ಟರೆ ಬಾಗಿಲು ಹಾಕಿತು ಅನ್ನೋ ಮಾತೇ ನಿಲ್ಲಲ್ಲ, ಅದು ಯಾಕೆ ಅಂತ ತೋರಿಸೋಕೆ ಇನ್ನೊಂದು ವರ್ಷ ಬೇಕು. ಗಡಿಯಾರ ಪಟ್ಟು ಬಿಡಲಿಲ್ಲ. "ಕಂಡದ್ದನ್ನ ಬಿಡೋದು ಹೇಗೆ ಮೇಡಂ?" ಅಂದಳು. ಮೇಡಂ ಗಂಟಲು ಏರಿಸಿದವರೇ ಅಲ್ಲ, ಆವತ್ತೂ ಏರಿಸಲಿಲ್ಲ. ಬಾಗಿಲಲ್ಲಿ ಫಿಲ್ಮ್ ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿ ಕೇಳಿದರು.

"ಆವತ್ತಿನ ಮೀಡಿಯಂ ಹಳೇದಿತ್ತಾ?"

ಹಳೇದು ಅಂದರೆ ಏಳನೇ ಗೆರೆಯನ್ನು ಲೆಕ್ಕಕ್ಕೆ ಹಿಡಿಯದೆ ಬಿಡಬಹುದು. ಹಳೇದಿರಲಿಲ್ಲ. ಅದೇ ದಿನ ಬೆಳಿಗ್ಗೆ ಮಾಡಿದ್ದು, ರಿಜಿಸ್ಟರಿನಲ್ಲಿ ಬರೆದಿದ್ದೆ. ಇಲ್ಲ ಅಂತ ಒಂದು ಮಾತು ಬಾಯಿಂದ ಬಂದಿದ್ದರೆ ಮುಗಿದುಹೋಗುತ್ತಿತ್ತು. ನನ್ನದು ಆಗ ಟೆಂಪರರಿ ನೌಕರಿ, ಮಗ ಇನ್ನೂ ಶಾಲೆಯಲ್ಲಿ. ಹೆದರಿಕೆ ಒಂದೇ ಕಾರಣ ಅಂದರೆ ಅದೂ ಸುಳ್ಳು. ಮೇಡಂ ಕಣ್ಣು ಸೋತುಹೋಗಿದ್ದವು, ಹೂಂ ಅನ್ನು ಅಂತ ಬೇಡುವ ಹಾಗಿದ್ದವು. ನಾನು ಹೂಂಗುಟ್ಟಿಬಿಟ್ಟೆ.

"ಇದ್ದಿರಬಹುದು ಮೇಡಂ. ನೆನಪಿಲ್ಲ."

ಗಡಿಯಾರ ನನ್ನನ್ನೇ ನೋಡಿದಳು. "ಅಕ್ಕಾ, ನೀವೂನಾ?" ಅಂದಳು. ಅಷ್ಟೇ. ಕೊರಳಿಂದ ಟೈಮರ್ ತೆಗೆದು ಮೇಜಿನ ಮೇಲಿಟ್ಟು ಹೊರಟುಹೋದಳು. ಮೂರು ದಿನ ಬರಲಿಲ್ಲ. ಆಮೇಲೆ ದೂರದ ಊರಿನ ಬೇರೆ ಲ್ಯಾಬಿಗೆ ಸೇರಿದ ಸುದ್ದಿ ಬಂತು. ಹಿಂದಿನ ಕೋಣೆಯ ಮಂಚದ ಮೇಲಿದ್ದ ಅವಳ ಹೊದಿಕೆಯನ್ನು ಮೇಡಂ ತಾವೇ ಒಗೆದು, ಮಡಿಸಿ, ಮತ್ತೆ ಅಲ್ಲೇ ಇಟ್ಟರು.

ಫಿಲ್ಮ್ ಕತ್ತರಿಸಿದ್ದೂ ನಾನೇ. ಮೇಡಂ ಸ್ಕೇಲಿಟ್ಟು ಗೀಟು ಹಾಕಿಕೊಟ್ಟರು, ನಾನು ಆರನೆಯದಕ್ಕೂ ಏಳನೆಯದಕ್ಕೂ ನಡುವೆ ಕತ್ತರಿ ಆಡಿಸಿದೆ. ಬೆರಳಗಲದ ಚೂರು. ಬುಟ್ಟಿಗೆ ಹಾಕು ಅಂದರು. ನಮ್ಮ ಯಜಮಾನರು ಟೈಲರ್. ನಮ್ಮ ಮನೆಯಲ್ಲಿ ಕತ್ತರಿಸಿದ ಚೂರು ಎಸೆಯೋ ಪದ್ಧತಿ ಇಲ್ಲ, ಕೊರಳಪಟ್ಟಿಯ ಒಳಗೋ ಜೇಬಿನ ಅಡಿಗೋ ಯಾವತ್ತಾದರೂ ಬೇಕಾಗುತ್ತೆ ಅಂತ ಬಟ್ಟೆ ಚೂರುಗಳನ್ನು ಬಿಸ್ಕತ್ತಿನ ಡಬ್ಬಿಗೆ ತುಂಬುತ್ತಾರೆ. ನನ್ನ ಕೈಗೂ ಅದೇ ಚಾಳಿ ಅಂಟಿತ್ತು. ಚೂರಿನ ಹಿಂದೆ ತಾರೀಖು ಬರೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮನೆಗೆ ತಂದು ಅದೇ ಡಬ್ಬಿಗೆ ಸೇರಿಸಿದೆ.

ಲೇಖನ ಬಂತು. ಅಬ್ಬಾ, ಏನು ಗದ್ದಲ. ಫೋನು, ಹೂಗುಚ್ಛ, ಭಾಷಣಕ್ಕೆ ಕರೆ, ಮೆಡಲ್ಲು. ನನ್ನ ನೌಕರಿ ಪರ್ಮನೆಂಟ್ ಆಯ್ತು, ನಿಜ ಹೇಳಬೇಕು ಅಂದರೆ ಅದರ ಅನ್ನವನ್ನೇ ಇವತ್ತಿಗೂ ಉಣ್ಣುತ್ತಿದ್ದೇನೆ. ಮೇಡಂ ಮಾತ್ರ ಯಾವ ಸಭೆಗೆ ಹೋದರೂ ಮಾತಾಡುತ್ತಾ ಮಾತಾಡುತ್ತಾ ಬಾಗಿಲ ಕಡೆ ನೋಡುತ್ತಾರೆ ಅಂತ ಹುಡುಗರು ಆಡಿಕೊಳ್ಳುತ್ತಿದ್ದರು. ಒಂದು ಸಭೆಯಲ್ಲಿ ಗಡಿಯಾರ ನಿಜವಾಗಿ ಸಿಕ್ಕಿದ್ದಳಂತೆ. ಊಟದ ಸಾಲಿನಲ್ಲಿ ಹಿಂದೆ ಮೇಡಂ ನಿಂತದ್ದು ನೋಡಿ, ತಟ್ಟೆ ಹಿಡಿದುಕೊಂಡು ಇನ್ನೊಂದು ಸಾಲಿಗೆ ಹೋದಳಂತೆ. "ತಲೆಕೂದಲು ನೆರೆತಿದೆ ಅವಳದ್ದು," ಅಂತ ಮೇಡಂ ನನಗೆ ಹೇಳಿದರು.

ಅವಳು ತನ್ನದೇ ಲ್ಯಾಬು ಕಟ್ಟಿದಳು, ಅದೇ ವಿಷಯದ ಮೇಲೆ ಲೇಖನದ ಮೇಲೆ ಲೇಖನ ಬರೆದಳು. ಆ ವಿಷಯ ಬರೆಯೋರು ಯಾರೇ ಆಗಲಿ ಮೇಡಂ ಲೇಖನ ಮುಟ್ಟದೆ ಮುಂದೆ ಹೋಗೋಕಾಗಲ್ಲ. ಅವಳು ಮಾತ್ರ ಹೇಗೋ ಸುತ್ತು ಹಾಕಿಕೊಂಡು ಹೋಗುತ್ತಿದ್ದಳು, ನಮ್ಮ ಬೀದಿ ತಪ್ಪಿಸಿ ಪಕ್ಕದ ಬೀದಿಯಲ್ಲಿ ಹೋದ ಹಾಗೆ. ಮನೆಯವರು ತೀರಿಕೊಂಡ ಮೇಲೆ ಮೇಡಂ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯೋಕೆ ಶುರು ಮಾಡಿದ್ದು ಈ ಸೋಮವಾರದ ಪಟ್ಟಿಗೇ. ಅವಳ ಟೈಮರ್ ಇಂದಿಗೂ ಮೇಡಂ ಅಡುಗೆಮನೆಯಲ್ಲಿದೆ, ಟೀ ಕುದಿಯೋಕೆ ಅದಕ್ಕೇ ಕೀಲಿ ಕೊಡೋದು. ನಾನು ಹೋಗೋದು ಪ್ರೀತಿಗೋ, ಪಾಪ ತೊಳೆಯೋಕೋ, ನನಗೇ ಗೊತ್ತಿಲ್ಲ.

ಹೋದ ವರ್ಷ ಗಡಿಯಾರನ ದೊಡ್ಡ ಲೇಖನ ಬಂತು. ಕೋಶ ಎರಡನೇ ಸಲ ಬಾಗಿಲಿಗೆ ಬರುವುದು ನಿಜ, ಹಳೇ ಕರೆಯ ಗುರುತು ಒಳಗೆ ಉಳಿದಿರುತ್ತೆ, ಅದೇ ಎಬ್ಬಿಸುತ್ತೆ ಅಂತ ಕರಾರುವಾಕ್ಕಾಗಿ ತೋರಿಸಿದ್ದಳು. ಮೇಡಂ ನನ್ನ ಕೈಲಿ ಮೂರು ಸೋಮವಾರ ಅದನ್ನು ಓದಿಸಿದರು. ಮೂರನೇ ವಾರ ಓದಿ ಮುಗಿಸಿದಾಗ ಅವರು ಗೋಡೆ ಕಡೆ ಮುಖ ಮಾಡಿ ಹೇಳಿದರು, "ಅವಳು ಹೇಳಿದ್ದೇ ಸರಿ. ಆವತ್ತು ನಿನ್ನ ಮೀಡಿಯಂ ಒಂದು ಹಳೇದಿರದೆ ಹೋಗಿದ್ದರೆ, ನಾನು ಅವಳ ಮಾತು ಕೇಳ್ತಿದ್ದೆನೇನೋ."

ಮನೆಗೆ ಬಂದು ಯಜಮಾನರ ಹೊಲಿಗೆ ಮಿಷನ್ ಪಕ್ಕ ಕೂತು ಎಲ್ಲ ಹೇಳಿದೆ. ಇಪ್ಪತ್ತೈದು ವರ್ಷ ಅವರಿಗೂ ಹೇಳಿರಲಿಲ್ಲ. ಅವರು ಕಾಲು ನಿಲ್ಲಿಸಿ, ಕನ್ನಡಕದ ಮೇಲಿಂದ ನೋಡಿದರು.

"ಅಷ್ಟು ವರ್ಷ ನುಂಗಿಕೊಂಡು ಕೂತಿದ್ದೆಯಲ್ಲೇ. ಡಬ್ಬಿ ಎಲ್ಲಿದೆ?"

"ಬೀರು ಮೇಲೆ."

"ತಗೊಂಡು ಹೋಗು. ಸೋಮವಾರದ ತನಕ ಕಾಯಬೇಡ."

ಮಂಗಳವಾರ ಬೆಳಿಗ್ಗೆ ಹೋದೆ. ಚಿಂದಿ ಬಟ್ಟೆಯ ನಡುವಿಂದ ಆ ಚೂರು ತೆಗೆದು ಮೇಡಂ ಕೈಗೆ ಕೊಟ್ಟೆ, ರಿಟೈರ್ ಆಗುವಾಗ ಕೇಳಿ ತಂದಿಟ್ಟುಕೊಂಡಿದ್ದ ಆ ವರ್ಷದ ರಿಜಿಸ್ಟರನ್ನು ಮೇಜಿನ ಮೇಲಿಟ್ಟೆ. "ಮೀಡಿಯಂ ತಾಜಾ ಇತ್ತು ಮೇಡಂ. ನಾನು ಸುಳ್ಳು ಹೇಳಿದೆ," ಅಂದೆ. ಅವರು ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೋಳಿ ನೋಡುವ ಹಾಗೆ ಕತ್ತು ಓರೆ ಮಾಡಿ, ಕಣ್ಣಂಚಿನಿಂದ ನೋಡಿದರು. ತುಂಬ ಹೊತ್ತು ನೋಡಿದರು.

"ನೀನು ಹೂಂ ಅಂತೀಯ ಅಂತ ಗೊತ್ತಿತ್ತು ನನಗೆ. ಅದಕ್ಕೇ ನಿನ್ನ ಕೇಳಿದ್ದು. ರಿಜಿಸ್ಟರ್ ಪಕ್ಕದ ರೂಮಿನಲ್ಲೇ ಇತ್ತು, ತರಿಸಿ ನೋಡಬಹುದಿತ್ತು. ನೋಡಲಿಲ್ಲ."

ನನಗೆ ಮೈಯೆಲ್ಲ ಉರಿದುಹೋಯ್ತು. ಇಪ್ಪತ್ತೈದು ವರ್ಷ ಗಂಟಲಲ್ಲಿ ಮುಳ್ಳು ಇಟ್ಟುಕೊಂಡು ಓಡಾಡಿದವಳು ನಾನು. ಮೊನ್ನೆ ಮೊನ್ನೆ ತನಕ ತಪ್ಪೆಲ್ಲ ನನ್ನ ಮೀಡಿಯಂ ಮೇಲೆ ಹಾಕಿ ಕೂತಿದ್ದರಲ್ಲ ಈಯಮ್ಮ. "ನಿಮ್ಮ ಟೀ ನೀವೇ ಮಾಡ್ಕೊಳ್ಳಿ," ಅಂತ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ. ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು ಎರಡು ಬಸ್ ಬಿಟ್ಟೆ. ಕಣ್ಣು ಕಾಣದವರು ಒಲೆ ಹಚ್ಚಿ ಏನಾದರೂ ಮಾಡಿಕೊಂಡರೆ ಅನ್ನಿಸಿತು, ಬೈದುಕೊಳ್ಳುತ್ತಾ ವಾಪಸ್ ಹೋದೆ. ಅವರು ಕೂತಲ್ಲೇ ಕೂತಿದ್ದರು, ಚೂರು ಇನ್ನೂ ಬೆರಳಲ್ಲಿತ್ತು.

"ಬರೆದುಕೋ," ಅಂದರು.

ನಾನು ಅಕ್ಷರ ಒತ್ತಿದೆ, ಅವರು ಹೇಳಿದರು. ಅವರದೇ ಲೇಖನಕ್ಕೆ ತಿದ್ದುಪಡಿ, ಅವರದೇ ಮಾತಿನಲ್ಲಿ. ಚಿತ್ರದಲ್ಲಿ ಏಳನೇ ಗೆರೆ ಇತ್ತು. ಅದನ್ನು ಕಂಡದ್ದು ನನ್ನ ವಿದ್ಯಾರ್ಥಿನಿ. ಕತ್ತರಿಸಿ ತೆಗೆಸಿದ್ದು ನಾನು. ಆ ದಿನದ ಮೀಡಿಯಂ ತಾಜಾ ಇತ್ತು ಅಂತ ರಿಜಿಸ್ಟರ್ ಹೇಳುತ್ತದೆ. ಪತ್ರಿಕೆಯವರು ಇಷ್ಟು ವರ್ಷದ ಮೇಲೆ ಯಾರೂ ಕೇಳದೇ ಇರೋದನ್ನ ಯಾಕೆ ಕೆದಕ್ತೀರಿ ಅಂದರು, ಹಳೇ ಸಹೋದ್ಯೋಗಿಗಳು ಫೋನು ಮಾಡಿ ಹೆಸರು ಕೆಡಿಸಿಕೊಳ್ಳಬೇಡಿ ಅಂದರು. ಮೇಡಂ ಪಟ್ಟು ಬಿಡಲಿಲ್ಲ. ಮೂಲ ಫಿಲ್ಮ್ ಇಲ್ಲದೆ ಹಾಕಲ್ಲ ಅಂತ ಪತ್ರಿಕೆಯವರು ಅಂದಾಗ ನಾನು ಆ ಚೂರನ್ನೂ ರಿಜಿಸ್ಟರಿನ ಹಾಳೆಯನ್ನೂ ಸ್ಕ್ಯಾನ್ ಮಾಡಿಸಿ ಕಳಿಸಿದೆ. ಕೊನೆಗೆ ಅರ್ಧ ಪುಟ ಅಚ್ಚಾಯಿತು.

ಆಮೇಲೆ ಕಾಯೋದು. ಇನ್ನೊಂದು ಪಟ್ಟಿ ಹೆಚ್ಚಾಯಿತು ಅಷ್ಟೇ, ಆ ಅರ್ಧ ಪುಟದ್ದು, ಅದು ವಾರ ವಾರವೂ ಖಾಲಿ. "ಅವಳದ್ದು?" "ಇಲ್ಲ ಮೇಡಂ." "ಹೂಂ." ಹೀಗೆ ಎಂಟು ತಿಂಗಳು. ಒಂದೊಂದು ಸೋಮವಾರ ಕೇಳೋಕೆ ಮುಂಚೆ ಅವರು ಸ್ವಲ್ಪ ತಡೆಯುತ್ತಿದ್ದರು, ಅದನ್ನು ನೋಡೋಕೆ ನನ್ನ ಕೈಲಿ ಆಗುತ್ತಿರಲಿಲ್ಲ. ಒಂದು ಸಾಲು ಬರೆದರೆ ಏನು ಗಂಟು ಹೋಗುತ್ತೆ ಇವಳಿಗೆ ಅಂತ ಗಡಿಯಾರನ ಮೇಲೂ ಸಿಟ್ಟು ಬರುತ್ತಿತ್ತು.

ಹೋದ ಸೋಮವಾರ ಖಾಲಿ ಪಟ್ಟಿಯಲ್ಲಿ ಒಂದು ಸಾಲಿತ್ತು. ನಾನು ಎರಡು ಸಲ ಕಣ್ಣು ಒರೆಸಿಕೊಂಡೆ.

"ಇದೆ ಮೇಡಂ. ಅವಳದ್ದೇ."

ಮೇಡಂ ಕುರ್ಚಿಯ ಕೈ ಹಿಡಿದುಕೊಂಡರು. "ಓದು. ನಿಧಾನಕ್ಕೆ."

ಅವಳ ಹೊಸ ಲೇಖನ ತೆರೆದು ಓದಿದೆ. ಮೊದಲ ಪ್ಯಾರಾದಲ್ಲೇ ಇತ್ತು. ಕೋಶ ಎರಡನೇ ಸಲ ಬಾಗಿಲಿಗೆ ಬರೋದು ಮೊದಲು ಕಂಡದ್ದು ಇಂಥ ವರ್ಷ, ಇಂಥ ಲ್ಯಾಬಿನಲ್ಲಿ, ಅಂತ ಬರೆದು ಪಕ್ಕದಲ್ಲಿ ಒಂದು ಅಂತ ಅಂಕಿ ಹಾಕಿದ್ದಳು. ಕೊನೆಯ ಪುಟದಲ್ಲಿ ಒಂದನೇ ಅಂಕಿಯ ಎದುರು ಮೇಡಂ ಅರ್ಧ ಪುಟ. ಅದನ್ನು ಮೂರು ಸಲ ಓದಿಸಿದರು. ಉಚ್ಚಾರಣೆ ತಿದ್ದಲಿಲ್ಲ.

"ಕೊನೇಲಿ ಕೃತಜ್ಞತೆ ಅಂತ ಇರುತ್ತಲ್ಲ, ಅದನ್ನೂ ಓದು."

ಹುಡುಗಿಯ ವಿದ್ಯಾರ್ಥಿಗಳ ಹೆಸರು, ಯಂತ್ರ ಕೊಟ್ಟವರ ಹೆಸರು, ಅವಳ ತಾಯಿಯ ಹೆಸರು. ಕಡೆಗೆ ಇನ್ನೊಂದು. ಅದು ನನ್ನದು. ಬಾಟಲಿ ಅಕ್ಕ ಅಂತಲ್ಲ. ಅಪ್ಪ ಅಮ್ಮ ಇಟ್ಟ ಹೆಸರು, ರಿಜಿಸ್ಟರಿನ ರಟ್ಟಿನ ಮೇಲೆ ನಾನೇ ದುಂಡಗೆ ಬರೆದುಕೊಂಡಿದ್ದ ಹೆಸರು, ಸಂಬಳದ ದಿನ ಬಿಟ್ಟರೆ ಲ್ಯಾಬಿನಲ್ಲಿ ಯಾರೂ ಕರೆಯದ ಹೆಸರು. ಆವತ್ತು ಮೀಡಿಯಂ ತಾಜಾ ಮಾಡಿಟ್ಟಿದ್ದಕ್ಕೆ ಅಂತ ಬರೆದಿದ್ದಳು. ನಾನು ಅಳುತ್ತಾ ಓದಿದೆ, ನಾಚಿಕೆಯೇನಿಲ್ಲ ಹೇಳೋಕೆ.

ಮೇಡಂ ಆವತ್ತು ಮೀಡಿಯಂ ಹಳೇದಾ ಅಂತ ಕೇಳಿದ್ದರಲ್ಲ, ಅದೇ ತಗ್ಗಿದ ದನಿಯಲ್ಲಿ ಕೇಳಿದರು.

"ಅಲ್ಲಿ ನನ್ನ ಹೆಸರು ಇದೆಯಾ?"

ಪರದೆ ನನ್ನ ಮುಂದೆ. ಅವರಿಗೆ ಕಾಣಲ್ಲ. ಇದೆ ಅಂದರೆ ಯಾರು ಬಂದು ನೋಡುತ್ತಿದ್ದರು? ಎಪ್ಪತ್ತೊಂದು ವರ್ಷದ ಜೀವ, ಆ ಒಂದು ಹೂಂ ಇಟ್ಟುಕೊಂಡು ಎಷ್ಟು ದಿನ ಖುಷಿಯಾಗಿರುತ್ತಿತ್ತು. ನನ್ನ ನಾಲಿಗೆ ತುದಿಗೆ ಬಂದೂ ಬಂತು.

"ಇಲ್ಲ ಮೇಡಂ."

"ಸರಿಯಾಗಿ ನೋಡಿದೆಯಾ?"

"ನೋಡಿದೆ. ಎರಡು ಸಲ ನೋಡಿದೆ. ಇಲ್ಲ."

ಅವರು ಎದ್ದು, ಗೋಡೆ ತಡವಿಕೊಂಡು ಅಡುಗೆಮನೆಗೆ ಹೋದರು. ಪಾತ್ರೆ ಇಟ್ಟ ಸದ್ದಾಯಿತು. ಟೈಮರಿಗೆ ಕೀಲಿ ಕೊಟ್ಟ ಸದ್ದಾಯಿತು. ನಾನು ಹಿಂದೆಯೇ ಹೋದೆ. ಒಲೆಯ ಮುಂದೆ ನಿಂತು, ಹೊರಬಾಗಿಲ ಕಡೆ ಮುಖ ಮಾಡಿ, ನನ್ನ ಕೈ ಹುಡುಕಿ ಹಿಡಿದುಕೊಂಡರು.

"ಈ ಸಲ ಹೂಂ ಅನ್ನಲಿಲ್ಲ ನೀನು," ಅಂದರು.

ಟೀ ಕುದಿಯಿತು, ಗಂಟೆ ಹೊಡೆಯಿತು. ಇಬ್ಬರೂ ಕುಡಿದೆವು. ಹೊರಡುವಾಗ ಬಾಗಿಲ ತನಕ ಬಂದು ಹೇಳಿದರು, "ಮುಂದಿನ ಸೋಮವಾರ ಹತ್ತಕ್ಕೆ ಬಾ. ಅವಳು ಇನ್ನೊಂದು ಬರೀತಿರಬಹುದು. ನೋಡೋಣ."